ಇಪ್ಪತ್ತಮೂರು ನಿಮಿಷದ ಕಾಲುವೆ

ಅವನು ಬಂದಾಗ ನಾನು ಮೋಟರಿನ ಸುತ್ತು ಎಣಿಸುತ್ತಿದ್ದೆ. ಶಿಗ್ಗಾಂವಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ. ಸುಟ್ಟ ಪಂಪ್‌ಸೆಟ್ಟಿನ ಹೊಟ್ಟೆಯಿಂದ ಕರಕಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡುವ ಕೆಲಸ. ನಡುವೆ ಎಣಿಕೆ ತಪ್ಪಿದರೆ ಮೊದಲಿನಿಂದ ಶುರು ಮಾಡಬೇಕು. ಹೀಗಾಗಿ ಸುತ್ತುವಾಗ ನಾನು ಯಾರ ಜೊತೆಗೂ ಮಾತಾಡುವುದಿಲ್ಲ ಅನ್ನುವುದು ನನ್ನ ಗಿರಾಕಿಗಳಿಗೆಲ್ಲ ಗೊತ್ತು. ಬಾಗಿಲಲ್ಲಿ ನಿಂತವನ ಕೈಯಲ್ಲಿ ಮೋಟರ್ ಇರಲಿಲ್ಲ. ತಲೆ ಎತ್ತಿದೆ. ಎಣಿಕೆ ತಪ್ಪಿತು.

ಅವನ ಮುಖ ನೋಡಿ ಎಂಟು ವರ್ಷವಾಗಿತ್ತು.

"ಆರಾಮ ಅದೀ ಏನು?" ಅಂದ.

"ಕೆಲಸ ನಡದೈತ್ರಿ," ಅಂದೆ.

ಕುಂತ್ಕೋರಿ ಅನ್ನಲಿಲ್ಲ. ಅವನೇ ಸ್ಟೂಲು ಎಳೆದುಕೊಂಡು ಕುಂತ. ಹಾನಗಲ್ಲ ಕಡೆಯ ಗೌಡರ ಮನೆಯ ಮಗ ಅವನು, ನಮ್ಮ ತಂಡದ ಹಾಡುಗಾರ. ನಾವಿಬ್ಬರೂ ಒಂದೇ ವಯಸ್ಸಿನವರು. ಆದರೂ ಅವನು ನನಗೆ 'ನೀನು' ಅನ್ನುತ್ತಿದ್ದ, ನಾನು ಅವನಿಗೆ 'ನೀವು' ಅನ್ನುತ್ತಿದ್ದೆ. ಐದು ವರ್ಷ ಒಟ್ಟಿಗೆ ಬಾರಿಸಿದರೂ ಅದು ಬದಲಾಗಿರಲಿಲ್ಲ.

ತಂಡದಲ್ಲಿ ಇದ್ದವರು ನಾಲ್ಕೇ ಮಂದಿ. ಹಾರ್ಮೋನಿಯಂ ಹಿಡಿದು ಹಾಡುವವನು ಇವನು. ಸವಣೂರಿನ ಒಬ್ಬ ಗಿಟಾರಿನವ; ಹುಬ್ಬಳ್ಳಿಯಿಂದ ಯಾರೋ ಬಳಸಿ ಬಿಟ್ಟ ಎಲೆಕ್ಟ್ರಿಕ್ ಗಿಟಾರು ತಂದು, ಹಳೇ ವಾಲ್ವ್ ರೇಡಿಯೋ ಬಿಚ್ಚಿ ಅದಕ್ಕೆ ತಾನೇ ಆಂಪ್ಲಿಫೈಯರ್ ಮಾಡಿಕೊಂಡಿದ್ದ. ನಾವು ಅವನನ್ನು ಭಾಯ್ ಅನ್ನುತ್ತಿದ್ದೆವು. ಅದೇ ಊರಿನ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ, ನಮಗೆಲ್ಲರಿಗಿಂತ ಹಿರಿಯನಾದ ಒಬ್ಬ ಕಾಕಾ. ನಾಲ್ಕನೆಯವನು ನಾನು, ಚರ್ಮ ಬಿಗಿದ ಹಲಗಿ ಬಾರಿಸುವವನು. ಸಿನೆಮಾ ಹಾಡು ನುಡಿಸುವ ಆರ್ಕೆಸ್ಟ್ರಾಗಳು ಊರೂರಿಗೆ ಹುಟ್ಟುತ್ತಿದ್ದ ಕಾಲದಲ್ಲಿ ನಾವು ಒಂದೂ ಸಿನೆಮಾ ಹಾಡು ನುಡಿಸಲಿಲ್ಲ. ನಮ್ಮದೇ ಉದ್ದುದ್ದ ರಚನೆಗಳನ್ನು ನುಡಿಸುತ್ತಿದ್ದೆವು. ಅವುಗಳಲ್ಲಿ ಎಲ್ಲಕ್ಕಿಂತ ಉದ್ದನೆಯದು 'ಕಾಲುವೆ'. ಇಪ್ಪತ್ತಮೂರು ನಿಮಿಷ.

ಕೆರೆಯ ತೂಬು ತೆಗೆದ ಮೇಲೆ ನೀರು ಎಲ್ಲೆಲ್ಲಿ ಹೋಗುತ್ತದೆ ಅನ್ನುವುದೇ ಅದರ ಕಥೆ. ಮೊದಲು ಎಲ್ಲರೂ ಏಳು ಮಾತ್ರೆಯಲ್ಲಿ ಹೊರಡುತ್ತೇವೆ. ಕಾಲುವೆ ಕವಲು ಒಡೆದಲ್ಲಿ ಗಿಟಾರು ಏಳರಲ್ಲೇ ಉಳಿಯುತ್ತದೆ, ಕ್ಲಾರಿನೆಟ್ಟು ಐದಕ್ಕೆ ಇಳಿಯುತ್ತದೆ. ಎರಡೂ ಮೂವತ್ತೈದು ಮಾತ್ರೆಗೊಮ್ಮೆ ಬಂದು ಸೇರುತ್ತವೆ. ಅಲ್ಲಿಯವರೆಗೆ ಎರಡನ್ನೂ ಹಿಡಿದು ನಡೆಸುವುದು ಹಲಗಿಯ ಕೆಲಸ. ಬಲಗೈಯ ದಪ್ಪ ಕೋಲು ಏಳನ್ನು ಹೇಳಬೇಕು, ಎಡಗೈಯ ತೆಳು ಕಡ್ಡಿ ಐದನ್ನು ಹೇಳಬೇಕು. ಹದಿನಾರನೆಯ ನಿಮಿಷಕ್ಕೆ ಎಲ್ಲ ವಾದ್ಯ ನಿಲ್ಲುತ್ತವೆ. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಎರಡು ನಿಮಿಷ ಹಲಗಿ ಒಂದೇ. ಅದು ಕಾಲುವೆಯ ಕಟ್ಟಕಡೆಯ ಹೊಲ, ನೀರು ಮುಟ್ಟದ ಹೊಲ. ಆ ಭಾಗ ನಾನು ಕಟ್ಟಿದ್ದು.

ತಂಡ ಒಡೆದದ್ದು ಹಿರೇಕೆರೂರು ತಾಲೂಕಿನ ಒಂದು ಊರಿನಲ್ಲಿ. ಅಲ್ಲಿಯ ಯುವಕ ಸಂಘದವರು ಕರೆಸಿದ್ದರು. ಗುಡಿಯ ಮುಂದಿನ ಕಟ್ಟೆಯನ್ನೇ ವೇದಿಕೆ ಮಾಡಿದ್ದರು. ಸಂಜೆ ಸಾಮಾನು ಇಳಿಸುವಾಗ ಊರಿನ ಹಿರಿಯರೊಬ್ಬರು ಹಾಡುಗಾರನನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಅವನು ವಾಪಸು ಬಂದು ನನ್ನ ಭುಜದ ಮೇಲೆ ಕೈ ಇಟ್ಟ.

"ಹಲಗಿ ಕಟ್ಟಿ ಮ್ಯಾಲ ಬ್ಯಾಡ ಅಂತಾರ. ನೀ ಕೆಳಗ ನಿಂತು ಬಾರಸು. ಇದೊಂದ ಸಲ ಅಷ್ಟ."

"ಹಲಗಿ ಬ್ಯಾಡ ಅಂದ್ರೋ, ನಾ ಬ್ಯಾಡ ಅಂದ್ರೋ?" ಅಂತ ಕೇಳಿದೆ.

"ಅವರಿಗೆ ಎರಡೂ ಒಂದ. ಜಗಳ ಬ್ಯಾಡ. ಮಂದಿ ಕೂಡ್ಯಾರ."

ಭಾಯ್ ತಲೆ ತಗ್ಗಿಸಿ ಗಿಟಾರಿನ ತಂತಿ ಬಿಗಿಮಾಡುತ್ತ ಇದ್ದ. ಕಾಕಾ ಕ್ಲಾರಿನೆಟ್ಟಿನ ಊದುವ ಪಟ್ಟಿಯನ್ನು ಬಾಯಲ್ಲಿ ನೆನೆಸುತ್ತಿದ್ದ. ನಾನು ಕೆಳಗೆ ಇಳಿದೆ. ಕಟ್ಟೆಯ ಬದಿಗೆ ಮಂದಿ ಬಿಟ್ಟ ಚಪ್ಪಲಿಗಳಿದ್ದವು. ಅವುಗಳ ನಡುವೆ ನಿಂತು ಇಪ್ಪತ್ತಮೂರು ನಿಮಿಷ ಬಾರಿಸಿದೆ. ಒಂದು ಮಾತ್ರೆಯೂ ತಪ್ಪಲಿಲ್ಲ. ಇವತ್ತಿಗೂ ನನಗೆ ಸಿಟ್ಟು ಬರುವುದು ಅದಕ್ಕೇ. ಅವತ್ತು ನಾನು ಬೇಕಂತಲೇ ತಪ್ಪಬೇಕಾಗಿತ್ತು, ಕೋಲು ಒಗೆದು ಬರಬೇಕಾಗಿತ್ತು. ಮಂದಿ ಚಪ್ಪಾಳೆ ತಟ್ಟುವಾಗ ಹಲಗಿ ಹೆಗಲಿಗೆ ಹಾಕಿಕೊಂಡು ಬಸ್ಸಿನ ರಸ್ತೆಗೆ ನಡೆದೆ. ಮತ್ತೆ ಅವರ ಕಡೆ ಹೋಗಲಿಲ್ಲ.

ಈಗ ಅಂಗಡಿಯಲ್ಲಿ ಕುಂತು ಅವನು ಕ್ಯಾಸೆಟ್ಟಿನ ಮಾತು ತೆಗೆದ. ಹುಬ್ಬಳ್ಳಿಯಲ್ಲಿ ಒಬ್ಬರು ಕ್ಯಾಸೆಟ್ ಮಾಡುವ ಯಂತ್ರ ಹಾಕಿದ್ದಾರಂತೆ. ಹಿಂದೆ ಯಾವಾಗಲೋ ನಾವು ನುಡಿಸಿದ್ದನ್ನು ಕೇಳಿದ್ದರಂತೆ. ಒಂದು ಮಗ್ಗಲಿಗೆ 'ಕಾಲುವೆ', ಇನ್ನೊಂದು ಮಗ್ಗಲಿಗೆ ನಾಲ್ಕು ಸಣ್ಣ ಹಾಡು. ನಾಲ್ವರೂ ಮತ್ತೆ ಕೂಡಬೇಕು.

"ನಂಗ ಕೆಲಸ ಐತ್ರಿ," ಅಂದೆ. ತಂತಿಯ ತುದಿ ಹುಡುಕಿ ಮೊದಲಿನಿಂದ ಎಣಿಸತೊಡಗಿದೆ. ಅವನು ಎದ್ದು ಹೋದ.

ಎಂಟು ದಿನದ ಮೇಲೆ ಭಾಯ್ ಬಂದ. ಅವನೀಗ ಮನೆಯವರ ಖಾರದ ಅಂಗಡಿಯಲ್ಲಿ ಎಣ್ಣೆ ಬಾಣಲಿಯ ಮುಂದೆ ನಿಲ್ಲುತ್ತಿದ್ದ. ಕೈಗೆಲ್ಲ ಎಣ್ಣೆ ಸಿಡಿದ ಕಲೆ. ನೇರವಾಗಿ ಹೇಳಿದ.

"ಬ್ಯಾರೆ ಒಬ್ಬ ತಬಲಾದವನ್ನ ಕರಕೊಂಡ ನೋಡಿದ್ವಿ. ಮೂವತ್ತೈದಕ್ಕ ಬಂದು ಮುಟ್ಟೂದ್ರಾಗ ಅಂವ ದಾರಿ ತಪ್ತಾನ. ನೀ ಇಲ್ಲದ ಅದು ಆಗಂಗಿಲ್ಲ."

"ಅಂದ್ರ ನಾ ಬೇಕು ಅಂತ ಬಂದಿಲ್ಲ. ಬ್ಯಾರೆದವ ಸಿಗಲಿಲ್ಲ ಅಂತ ಬಂದೀ."

"ಹೌದು," ಅಂದ ಭಾಯ್. ಸುಳ್ಳು ಹೇಳಲಿಲ್ಲ. ಕೈಯ ಕಲೆ ಉಜ್ಜಿಕೊಳ್ಳುತ್ತ, "ಅವತ್ತ ನಾನೂ ಬಾಯಿ ತಗೀಲಿಲ್ಲ. ತಂತಿ ಸರಿ ಇದ್ವು. ಸುಳ್ಳ ಸುಳ್ಳ ತಿರುವಕೋತ ಕುಂತಿದ್ದೆ. ಅದು ನಂಗ ಮರತಿಲ್ಲ," ಅಂದ.

ಈ ಮಾತನ್ನು ಹಾಡುಗಾರ ಆಡಿರಲಿಲ್ಲ. ಅದಕ್ಕಾಗಿಯೇ ಅವತ್ತು ಭಾಯ್‌ಗೆ ಚಹಾ ತರಿಸಿದೆ.

ಆ ರವಿವಾರ ಆಡೂರು ಕಡೆಯ ನಮ್ಮ ಊರಿಗೆ ಹೋದೆ. ಮನೆಯಲ್ಲಿ ಅಕ್ಕ ಇದ್ದಳು. ಈ ಎಂಟು ವರ್ಷದೊಳಗೆ ನಮ್ಮ ಕೇರಿಯ ಹಿರಿಯರು ಕೂಡಿ, ಇನ್ನು ಮುಂದೆ ಯಾರ ಹೆಣದ ಮುಂದೆಯೂ ಯಾರ ಬಾಗಿಲಿಗೂ ಹಲಗಿ ಬಾರಿಸುವುದಿಲ್ಲ ಅಂತ ತೀರ್ಮಾನ ಮಾಡಿದ್ದರು. ಒಂದಿಷ್ಟು ಮಂದಿ ಹಲಗಿ ಮುರಿದು ಒಲೆಗೆ ಹಾಕಿದ್ದರು. ನನ್ನದನ್ನು ಅಕ್ಕ ಅಟ್ಟದ ಮೇಲೆ ಇಟ್ಟಿದ್ದಳು. ಅಪ್ಪ ಬದುಕಿದ್ದ ತನಕ ಊರವರು ಕರೆದಾಗಲೆಲ್ಲ ಹೋಗಿ ಬಾರಿಸಿದವನು; ಕೆಟ್ಟ ಸುದ್ದಿ ಸಾರಲಿಕ್ಕೂ ಅವನೇ, ಹೆಣದ ಮುಂದೆಯೂ ಅವನೇ. ಅದೆಲ್ಲ ನೋಡಿ ಬೆಳೆದವಳು ಅಕ್ಕ. ಎಲ್ಲ ಕೇಳಿಸಿಕೊಂಡು ಹಲಗಿ ಇಳಿಸಿ ಕೊಟ್ಟಳು.

"ಅಪ್ಪ ಬಾರಿಸಿದ್ದು ಅವರು ಕರದಾಗ. ನೀ ಬಾರಿಸೂದು ನೀ ಕಟ್ಟಿದ್ದು. ಅದು ಬ್ಯಾರೆ, ನಂಗ ಗೊತ್ತೈತಿ. ಆದ್ರ ಮತ್ತ ಕೆಳಗ ನಿಂತು ಬಂದಿ ಅಂದ್ರ, ಇದನ್ನ ಈ ಮನಿಗೆ ತರಬ್ಯಾಡ," ಅಂದಳು.

ತಂಡಕ್ಕೆ ಮರಳಲು ಒಂದೇ ಕರಾರು ಹಾಕಿದೆ. ನಾನು ಎಲ್ಲಿ ಕೂಡಬೇಕು ಅನ್ನುವುದನ್ನು ನಾನೇ ಹೇಳುವವನು. ಹಾಡುಗಾರ ಕೂಡಲೇ, "ಆತು, ಅದರಾಗೇನೈತಿ," ಅಂದ. ಅಷ್ಟು ಸಲೀಸಾಗಿ ಒಪ್ಪಿದ್ದೇ ನನಗೆ ಮತ್ತೆ ಸಿಟ್ಟು ತರಿಸಿತು. ಅದರಲ್ಲಿ ಏನಿದೆ ಅನ್ನುವುದು ಅವನಿಗೆ ಇನ್ನೂ ತಿಳಿದಿರಲಿಲ್ಲ.

ತಾಲೀಮು ಸವಣೂರಿನ ಒಂದು ವೀಳ್ಯದೆಲೆ ತೋಟದಲ್ಲಿ ನಡೆಯಿತು, ರವಿವಾರಕ್ಕೊಮ್ಮೆ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ. ತೋಟ ಕಾಕಾನ ಸಂಬಂಧಿಕರದು. ಯಾರ ಕಾಟವೂ ಇರಲಿಲ್ಲ. ಆದರೆ ಎಲೆ ತೋಟದ ನೆರಳಿನಲ್ಲಿ ಯಾವಾಗಲೂ ಹಸಿ ಇರುತ್ತದೆ, ಹಸಿಗೆ ಹಲಗಿಯ ಚರ್ಮ ಸಡಿಲಾಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ತೋಟದ ಹೊರಗೆ ಹೋಗಿ ಹುಲ್ಲು ಉರಿಸಿ ಕಾಯಿಸಿಕೊಂಡು ಬರಬೇಕು. ತಿರುಗಿ ಬಂದು ನಾಲ್ಕು ಸುತ್ತು ನುಡಿಸುವಷ್ಟರಲ್ಲಿ ದನಿ ಮತ್ತೆ ಕುಂದುತ್ತಿತ್ತು. ಭಾಯ್‌ನ ಬೆರಳ ತುದಿಗಳು ಮೆತ್ತಗಾಗಿದ್ದವು. ಎರಡನೆಯ ರವಿವಾರ ತಂತಿ ಒತ್ತಿ ಒತ್ತಿ ರಕ್ತ ಬಂತು. ಬಟ್ಟೆ ಸುತ್ತಿಕೊಂಡು ನುಡಿಸಿದ.

ದೊಡ್ಡ ತೊಂದರೆ ಇದ್ದದ್ದು ಹಾಡುಗಾರನಲ್ಲಿ. ಎಂಟು ವರ್ಷ ಅವನು ಭಜನೆಗಳಲ್ಲಿ ಹಾಡಿಕೊಂಡಿದ್ದ. ಅಲ್ಲಿ ಎಲ್ಲವೂ ಎಂಟು ಮಾತ್ರೆ. ಏಳರ ಸಾಲಿನ ಕೊನೆಗೆ ಅವನು ತನಗೆ ಗೊತ್ತಾಗದಂತೆ ಒಂದು ಮಾತ್ರೆ ಎಳೆಯುತ್ತಿದ್ದ. ನಾವು ಮುಂದೆ ಹೋಗಿರುತ್ತಿದ್ದೆವು, ಅವನು ಹಿಂದೆ ಉಳಿದು ನಮ್ಮನ್ನು ದಿಟ್ಟಿಸುತ್ತಿದ್ದ.

"ಹಲಗಿ ಜೋರ ಓಡಾಕತ್ತೈತಿ," ಅಂದ ಒಮ್ಮೆ.

"ಹಲಗಿ ಎಲ್ಲಿ ಇರಬೇಕೋ ಅಲ್ಲೇ ಐತ್ರಿ. ನೀವ ಎಂಟ ಎಣಸಾಕತ್ತೀರಿ."

"ನಂಗ ಎಣಸಾಕ ಬರಂಗಿಲ್ಲಂತೀ ಏನು?"

"ಬರಂಗಿಲ್ರಿ," ಅಂದೆ.

ಅವನ ಮುಖ ಕೆಂಪಾಯಿತು. ಕಾಕಾ ಕ್ಲಾರಿನೆಟ್ಟು ಕೆಳಗಿಟ್ಟ. ಹಾಡುಗಾರ ಎದ್ದು ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ಹಾರ್ಮೋನಿಯಂ ಮುಚ್ಚಿಸಿ ಅವನನ್ನು ತೋಟದ ಸಾಲಿನ ನಡುವೆ ನಡೆಸಿದೆ. ನಾನು ಮುಂದೆ, ಅವನು ಹಿಂದೆ. ಮೂರು ಹೆಜ್ಜೆ, ನಾಲ್ಕು ಹೆಜ್ಜೆ. ಏಳರ ಮೊದಲ ಹೆಜ್ಜೆಗೆ ಹಲಗಿಗೆ ಒಂದು ಪೆಟ್ಟು. ಬಾಯಿಂದ ಹಾಡು, ಕಾಲಿನಿಂದ ಎಣಿಕೆ. ಎರಡು ರವಿವಾರ ಹೀಗೆ ನಡೆದೆವು. ಎಲೆ ಕೊಯ್ಯುವವರು ನಿಂತು ನೋಡುತ್ತಿದ್ದರು. ಮೂರನೆಯ ರವಿವಾರ ಎಳೆತ ಹೋಯಿತು. ಅವನ ಕಂಠ ದೊಡ್ಡದು, ಅದನ್ನು ನಾನು ಯಾವತ್ತೂ ಅಲ್ಲಗಳೆದವನಲ್ಲ. ಸರಿಯಾಗಿ ಹಾಡಿದಾಗ ನನಗೇ ಮೈ ಜುಮ್ಮೆನ್ನುತ್ತಿತ್ತು. ಅದಕ್ಕೂ ಸಿಟ್ಟು ಬರುತ್ತಿತ್ತು.

ರೆಕಾರ್ಡಿಂಗಿಗೆ ಸವಣೂರಿನ ಹಳೇ ಪೇಟೆಯಲ್ಲಿ ಒಂದು ಕೋಣೆ ಸಿಕ್ಕಿತು. ಮೊದಲು ಎಲೆಯ ಪೆಂಡಿ ಇಡುತ್ತಿದ್ದ ಕೋಣೆ. ದಪ್ಪ ಗೋಡೆ, ಎತ್ತರದ ಮಾಡು, ಒಂದು ಕಿಟಕಿ, ಒಂದು ಬಾಗಿಲು, ಬಾಗಿಲ ಹೊರಗೆ ಓಣಿಗೆ ಮುಖ ಮಾಡಿದ ಜಗಲಿ. ಕ್ಯಾಸೆಟ್ಟಿನ ಸಾಹುಕಾರರು ಹುಬ್ಬಳ್ಳಿಯಿಂದ ಟೇಪು ಸುತ್ತುವ ಸ್ಪೂಲ್ ಮಶಿನ್ನು, ಎರಡು ಮೈಕು ತಂದಿದ್ದರು. ರೆಕಾರ್ಡು ಮಾಡುವವರೂ ಅವರೇ. ತುಂಡು ತುಂಡಾಗಿ ನುಡಿಸಿ ಜೋಡಿಸಿದರೆ ಲಯ ಕೂಡುತ್ತಿರಲಿಲ್ಲ. ಇಪ್ಪತ್ತಮೂರು ನಿಮಿಷವನ್ನೂ ಒಂದೇ ಉಸಿರಿಗೆ ನುಡಿಸಬೇಕು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ.

ಬೆಳಗಿನ ಹೊತ್ತೆಲ್ಲ ಕರೆಂಟಿನ ಕಾಟ. ಭಾಯ್‌ನ ಪೆಟ್ಟಿಗೆ ಗುಂಯ್ ಅನ್ನುತ್ತಿತ್ತು. ನಾನು ಹೊರಗಿನ ಹಸಿ ನೆಲದಲ್ಲಿ ಒಂದು ಕಬ್ಬಿಣದ ಸಲಾಕೆ ಹೂಳಿ, ಉಪ್ಪುನೀರು ಹಾಕಿ, ಅರ್ಥ್ ತಂತಿ ಎಳೆದೆ. ಗುಂಯ್ ನಿಂತಿತು. ವೋಲ್ಟೇಜ್ ಏರಿಳಿದರೆ ಸ್ಪೂಲಿನ ವೇಗ ಬದಲಾಗಿ ಶ್ರುತಿಯೇ ಕೆಡುತ್ತದೆ ಅಂತ ಗೊತ್ತಿದ್ದರಿಂದ ಅಂಗಡಿಯ ಸ್ಟೆಬಿಲೈಜರ್ ಬಸ್ಸಿನಲ್ಲಿ ಹೊತ್ತುಕೊಂಡು ಬಂದಿದ್ದೆ. ಅದನ್ನೂ ಜೋಡಿಸಿದೆ. ಸಾಹುಕಾರರು, "ಶಾಣ್ಯಾ ಮನಷ್ಯಾ ಅದೀರಿ," ಅಂದರು.

ಆಮೇಲೆ ಹಲಗಿಯ ಸರದಿ ಬಂತು. ಬಾರಿಸಿದ ಕೂಡಲೇ ಮಶಿನ್ನಿನ ಮುಳ್ಳು ಕೆಂಪಿಗೆ ಹೋಗಿ ಬಡಿಯಿತು. ಹಾಡುಗಾರನ ಮೈಕಿನೊಳಗೆ ಅವನ ದನಿಗಿಂತ ಹಲಗಿಯೇ ಹೆಚ್ಚು ಕೇಳುತ್ತಿತ್ತು. ಸಾಹುಕಾರರು ಹಲಗಿಗೆ ಗೋಣಿಚೀಲ ಕಟ್ಟಿಸಿದರು. ತೆಳು ಕಡ್ಡಿಯ ಸದ್ದು ಸತ್ತೇ ಹೋಯಿತು. ಚೀಲ ಬಿಚ್ಚಿದೆ. ನನ್ನನ್ನು ಮೂಲೆಗೆ ಸರಿಸಿದರು. ಆಗಲಿಲ್ಲ. ಬಾಗಿಲ ಹತ್ತಿರ ಸರಿಸಿದರು. ಆಗಲೂ ಮುಳ್ಳು ಕೆಂಪಿನಲ್ಲೇ ಇತ್ತು. ಅವರು ಕಿವಿಯಿಂದ ಹೆಡ್‌ಫೋನು ತೆಗೆದು ಬಾಗಿಲ ಕಡೆ ಕೈ ತೋರಿಸಿದರು.

"ಒಂದ ಕೆಲಸ ಮಾಡ್ರಿ. ನೀವು ಹೊರಗ ಜಗಲಿ ಮ್ಯಾಲ ಕುಂದರ್ರಿ."

ಸಾಹುಕಾರರಿಗೆ ಹಿಂದಿನ ಕಥೆ ಗೊತ್ತಿರಲಿಲ್ಲ. ಅವರು ಸದ್ದಿನ ಮಾತು ಆಡಿದ್ದರು. ಅಷ್ಟು ನನಗೂ ತಿಳಿಯುತ್ತಿತ್ತು. ನಾನು ಹಾಡುಗಾರನನ್ನು ನೋಡಿದೆ. ಅವನು ಹಾರ್ಮೋನಿಯಂ ಮೇಲಿಂದ ಕಣ್ಣು ಎತ್ತದೆ, "ಮಶಿನ್ನಿನ ತ್ರಾಸ ಐತಿ. ಇದೊಂದ ಸಲ ಅಷ್ಟ," ಅಂದ.

ಅದೇ ಮಾತು, ಅದೇ ದನಿ. ತಾನು ಅದನ್ನು ಹಿಂದೊಮ್ಮೆ ಆಡಿದ್ದೆ ಅನ್ನುವುದೂ ಅವನಿಗೆ ನೆನಪಿರಲಿಲ್ಲ. ಎಂಟು ವರ್ಷ ನಾನು ಆ ಮಾತನ್ನು ಹೊತ್ತುಕೊಂಡು ತಿರುಗಿದ್ದೆ, ಅವನು ಅದನ್ನು ಅಲ್ಲಿಯೇ ಬಿಟ್ಟು ಹೋಗಿದ್ದ.

ಹಲಗಿ ಹಿಡಿದು ಹೊರಗೆ ಬಂದೆ. ಜಗಲಿಯ ಮೇಲೆ ಕೂಡಲಿಲ್ಲ. ಓಣಿಯಲ್ಲಿ ನಿಂತೆ. ಬಸ್‌ಸ್ಟ್ಯಾಂಡು ಐದು ನಿಮಿಷದ ದಾರಿ. ಶಿಗ್ಗಾಂವಿಯ ಬಸ್ಸು ಹಿಡಿದರೆ ಊಟದ ಹೊತ್ತಿಗೆ ಅಂಗಡಿ ತೆರೆಯಬಹುದಿತ್ತು. ಸುಮ್ಮನೆ ಇರಲಾರದೆ ಹುಲ್ಲು ಕೂಡಿಸಿ ಬೆಂಕಿ ಹಚ್ಚಿ ಹಲಗಿ ಕಾಯಿಸಿದೆ. ಚರ್ಮ ಬಿಗಿಯಾಗುತ್ತ ಬಂದಂತೆ ತಲೆಯೂ ಸ್ವಲ್ಪ ತಿಳಿಯಾಯಿತು. ಹೋದರೆ ಮತ್ತೆ ಮೊದಲಿನ ಹಾಗೆಯೇ ಆಗುತ್ತದೆ: ಅವರು ಒಳಗೆ ಇರುತ್ತಾರೆ, ನಾನು ರಸ್ತೆಯ ಮೇಲೆ ಇರುತ್ತೇನೆ. ಒಳಗೆ ಹೋಗಿ ಸಾಹುಕಾರರನ್ನು ಕೇಳಿದೆ.

"ಸಾವ್ಕಾರ್ರ, ನಿಮಗ ಬೇಕಾಗಿದ್ದು ಏನು? ಹಲಗಿ ಹೊರಗ ಇರಬೇಕೋ, ಹಲಗಿಗೂ ಹಾಡಿಗೂ ನಡುವ ಗ್ವಾಡಿ ಇರಬೇಕೋ?"

"ಗ್ವಾಡಿ ಬೇಕ್ರಿ. ಹಾಡಿನ ಮೈಕಿನಾಗ ಹಲಗಿ ಬರಬಾರದು. ಅಷ್ಟ."

"ಹಂಗಾದ್ರ ಹಾಡು ಹೊರಗ ಹೋಗಲಿ. ದನಿಯ ಮೈಕು ಜಗಲಿ ಮ್ಯಾಲ ಇಡ್ರಿ. ವಾಯರು ಮುಟ್ಟತೈತಿ, ನಾ ನೋಡೇನಿ. ಒಳಗ ಹಲಗಿ ನಡುವ ಇರಲಿ, ಗಿಟಾರಿನ ಪೆಟ್ಟಿಗಿ ಗ್ವಾಡಿ ಕಡೆ ತಿರಗಲಿ, ಕಾಕಾ ಮೈಕಿನ ಹತ್ರ ನಿಂದ್ರಲಿ. ಹಾಡು ಒಳಗ ಇಲ್ಲ ಅಂದಮ್ಯಾಲ ಒಳಗಿನ ಮೈಕು ಎಷ್ಟರ ಇಳಸ್ರಿ, ನಡೀತೈತಿ."

ಸಾಹುಕಾರರು ಯೋಚಿಸಿದರು. ಜಗಲಿಗೆ ಹೋಗಿ ನೋಡಿ ಬಂದರು. "ಆಗತೈತಿ. ಇದ ಛಲೋ," ಅಂದರು.

"ನಾ ಓಣ್ಯಾಗ ಕುಂತು ಹಾಡ್ಲೇನು?" ಅಂದ ಹಾಡುಗಾರ. "ಮಂದಿ ತಿರಗ್ಯಾಡೂ ಜಾಗಾ. ನಾ ಯಾರ ಮಗಾ ಅಂತ ಇಲ್ಲೆ ಎಲ್ಲಾರಿಗೂ ಗೊತ್ತೈತಿ."

"ನಾ ಯಾರ ಮಗಾ ಅನ್ನೂದೂ ಹಿರೇಕೆರೂರಿನ ಮಂದಿಗೆ ಗೊತ್ತಿತ್ತು," ಅಂದೆ. "ಅದಕ್ಕ ಚಪ್ಪಲಿ ನಡುವ ನಿಂತು ಬಾರಸು ಅಂತ ನೀ ಹೇಳಿದಿ. ಈಗೂ ಅದ ಹೇಳಿದಿ. ಇದೊಂದ ಸಲ ಅಷ್ಟ."

'ನೀ' ಅಂದಿದ್ದೆ. ಬಾಯಿಂದ ಹೊರಬಿದ್ದ ಮೇಲೆ ನನಗೂ ಕೇಳಿಸಿತು, ಅವನಿಗೂ ಕೇಳಿಸಿತು. ಆ ಮಾತು ಎಲ್ಲಿ ಯಾವಾಗ ಆಡಿದ್ದೆ ಅಂತ ಅವನು ಹುಡುಕುತ್ತಿದ್ದ. ಆಮೇಲೆ ಸಿಕ್ಕಿತು ಅಂತ ಕಾಣುತ್ತದೆ, ಮುಖದ ಬಣ್ಣ ಇಳಿಯಿತು.

ಕಾಕಾ ಕ್ಲಾರಿನೆಟ್ಟನ್ನು ಗೋಡೆಗೆ ಆನಿಸಿ ಇಟ್ಟ. ಹಾಡುಗಾರನ ಮುಂದಿನ ಹಾರ್ಮೋನಿಯಂ ಎತ್ತಿಕೊಂಡು ಹೊರಗೆ ಒಯ್ದು ಜಗಲಿಯ ಮೇಲೆ ಇಟ್ಟು ಬಂದ. ಭಾಯ್ ಮೈಕಿನ ಕಂಬ ಎತ್ತಿಕೊಂಡು ಹೋದ. ಹಾಡುಗಾರ ಒಬ್ಬನೇ ಬರಿ ಚಾಪೆಯ ಮೇಲೆ ಉಳಿದ. ಸ್ವಲ್ಪ ಹೊತ್ತಿಗೆ ಎದ್ದು, ಯಾರನ್ನೂ ನೋಡದೆ ಹೊರಗೆ ಹೋದ.

ಕೋಣೆಯ ನಡುವೆ ಕುಂತೆ.

ಮೊದಲ ಸಲ ಒಂಬತ್ತನೆಯ ನಿಮಿಷಕ್ಕೆ ಕರೆಂಟು ಹೋಯಿತು. ಒಂದು ತಾಸು ಕಾದೆವು. ಎರಡನೆಯ ಸಲ ಕವಲಿನ ಜಾಗದಲ್ಲಿ ಹಾಡುಗಾರ ತಪ್ಪಿದ. ಗೋಡೆಯ ಆಚೆ ಕುಂತವನಿಗೆ ನಮ್ಮ ಮುಖ ಕಾಣುತ್ತಿರಲಿಲ್ಲ. ಕಾಕಾನ ತಲೆಯ ಅಲುಗಾಟ ನೋಡಿಕೊಂಡು ಹಾಡುವ ರೂಢಿ ಅವನದು. ಕಿಟಕಿಯ ಹತ್ತಿರ ಹೋಗಿ ಹೇಳಿದೆ.

"ಕಾಕಾನ್ನ ಹುಡಕಬ್ಯಾಡ. ಗಿಟಾರ ಕೇಳಬ್ಯಾಡ. ಬರೇ ಹಲಗಿ ಕೇಳು. ದಪ್ಪ ಪೆಟ್ಟು ನಿಂದು."

ಅವನ ಅಂಗಿ ಬೆವತು ಬೆನ್ನಿಗೆ ಅಂಟಿತ್ತು. ಬಿಸಿಲು ಜಗಲಿಯ ಅರ್ಧಕ್ಕೆ ಬಂದಿತ್ತು. ಓಣಿಯಲ್ಲಿ ನಾಲ್ಕೈದು ಮಂದಿ ನಿಂತು ನೋಡುತ್ತಿದ್ದರು. ಆಗಲಿ ಅನ್ನುವ ಹಾಗೆ ಅವನು ತಲೆ ಆಡಿಸಿದ.

ಮೂರನೆಯ ಸಲ ಆಯಿತು. ಅದನ್ನು ಹೇಗೆ ಹೇಳಲಿ ಗೊತ್ತಿಲ್ಲ. ಸಿಟ್ಟು ಇಳಿದಿರಲಿಲ್ಲ. ಸಿಟ್ಟೇ ಕೈಗೆ ಬಂದು ಕೋಲು ಆಡಿಸುತ್ತಿತ್ತು, ಆದರೆ ಎಣಿಕೆ ತಣ್ಣಗೆ ಇತ್ತು. ಕವಲು ಒಡೆದಾಗ ಭಾಯ್ ಏಳರಲ್ಲಿ, ಕಾಕಾ ಐದರಲ್ಲಿ, ಗೋಡೆಯ ಆಚೆಯಿಂದ ಆ ದೊಡ್ಡ ಕಂಠ ನನ್ನ ದಪ್ಪ ಕೋಲಿನ ಬೆನ್ನ ಹಿಂದೆ ಒಂದು ಕೂದಲೂ ಸರಿಯದೆ ಬಂತು. ಮೂವತ್ತೈದಕ್ಕೆ ಸೇರಿದೆವು. ಮತ್ತೆ ಸೇರಿದೆವು. ಹದಿನಾರನೆಯ ನಿಮಿಷಕ್ಕೆ ಎಲ್ಲರೂ ನಿಂತರು. ಆ ಒಂದು ಉಸಿರಿನಲ್ಲಿ ಓಣಿಯ ಸೈಕಲ್ ಗಂಟೆ ಕೇಳಿಸಿತು. ಅದು ಸ್ಪೂಲಿನಲ್ಲಿ ಇವತ್ತಿಗೂ ಇದೆ. ಆಮೇಲೆ ಎರಡು ನಿಮಿಷ ನಾನೊಬ್ಬನೇ.

ಮುಗಿದ ಮೇಲೆ ಹಾಡುಗಾರ ಬಾಗಿಲಿಗೆ ಬಂದು ನಿಂತ. ಕುತ್ತಿಗೆ ಬಿಸಿಲಿಗೆ ಕೆಂಪಾಗಿತ್ತು.

"ಈಗ ಸಮ ಆತಲ್ಲ?" ಅಂದ.

"ನೀ ಚಾಪಿ ಮ್ಯಾಲ ಕುಂತಿದ್ದಿ. ನಡುವ ನೀರು ಕೇಳಿದಿ, ತಂದ ಕೊಟ್ರು. ನೋಡಾಕ ನಿಂತ ಮಂದಿ ನಿನಗ ಕೈ ಮುಗದು ಹೋದ್ರು. ಸಮ ಆಗಿಲ್ಲ," ಅಂದೆ.

ಮರುದಿನ ಸಣ್ಣ ಹಾಡುಗಳನ್ನು ಹಾಗೆಯೇ ಕುಂತು ಮುಗಿಸಿದೆವು. ಯಾರೂ ಜಾಗದ ಮಾತು ತೆಗೆಯಲಿಲ್ಲ.

ಒಂದು ತಿಂಗಳಾದ ಮೇಲೆ ಅವನು ಮತ್ತೆ ಅಂಗಡಿಗೆ ಬಂದ. ಸಾಹುಕಾರರು ನೋಡಲಿಕ್ಕೆ ಕಳಿಸಿದ ಮೊದಲ ಕ್ಯಾಸೆಟ್ಟು ಅವನ ಕೈಯಲ್ಲಿತ್ತು. ಅಂಗಡಿಯ ಟೇಪ್ ರೆಕಾರ್ಡರಿಗೆ ಹಾಕಿದ, ಹದಿನೈದನೆಯ ನಿಮಿಷದ ಹತ್ತಿರಕ್ಕೆ ಓಡಿಸಿ ಬಿಟ್ಟ. ಟೇಪಿನಲ್ಲಿ ನಾಲ್ವರೂ ನುಡಿಸುವುದು ನಿಲ್ಲಿಸಿದೆವು. ಮರುಗಳಿಗೆಗೆ ನಾಲ್ವರೂ ಮತ್ತೆ ಶುರು ಮಾಡಿದ್ದೆವು. ನಡುವಿನ ಹಲಗಿಯ ಎರಡು ನಿಮಿಷವನ್ನು ಕತ್ತರಿಸಿ ತೆಗೆದಿದ್ದರು.

"ಹೆಣದ ಮುಂದಿನ ಬಡಿತ ಅನಸತೈತಿ, ಯಾರೂ ಮನ್ಯಾಗ ಹಚ್ಚಂಗಿಲ್ಲ ಅಂತ ಸಾವ್ಕಾರ ಅಂದ," ಅಂದ ಹಾಡುಗಾರ. "ನಾ ಒಪ್ಪಿಲ್ಲ. ಅದನ್ನ ಹೇಳಾಕ ಬಂದಿಲ್ಲ. ಹುಬ್ಬಳ್ಳಿಗೆ ಹೊಂಟೇನಿ, ನೀನೂ ಬಾ ಅನ್ನಾಕ ಬಂದೇನಿ."

ಸುತ್ತುತ್ತಿದ್ದ ಮೋಟರನ್ನು ಹಾಗೆಯೇ ಬಿಟ್ಟು ಬಾಗಿಲು ಹಾಕಿದೆ. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಂತೆವು.

ಸಾಹುಕಾರರು ನಮಗೆ ಬುದ್ಧಿ ಹೇಳಿದರು. ಎರಡು ನಿಮಿಷ ಏನು ಮಹಾ, ಕೇಳುವವರಿಗೆ ಗೊತ್ತೂ ಆಗುವುದಿಲ್ಲ ಅಂದರು. ಆ ಎರಡು ನಿಮಿಷ ಯಾರ ಹೊಲ ಅಂತ ನಾನು ಹೇಳಲು ಹೊರಟೆ. ಸಿಟ್ಟಿಗೆ ದನಿ ಏರಿ ಮಾತು ಕಟ್ಟಿತು. ಹಾಡುಗಾರ ಒಂದೇ ಮಾತು ಹೇಳಿದ.

"ಅದನ್ನ ತಗದ್ರ ನನ್ನ ದನಿನೂ ತಗೀರಿ. ಉಳದದ್ದು ನಿಮಗ ಬಿಟ್ಟದ್ದು."

ಸಾಹುಕಾರರು ಅವನನ್ನು ನೋಡಿದರು, ನನ್ನನ್ನು ನೋಡಿದರು. ಗೌಡರ ಮನೆಯವನು ಇದಕ್ಕೆಲ್ಲ ಯಾಕೆ ಹಟ ಹಿಡಿಯುತ್ತಾನೆ ಅನ್ನುವುದು ಅವರಿಗೆ ಅರ್ಥವಾಗಲಿಲ್ಲ. ಕೊನೆಗೆ, ಪೂರ್ತಿ ಇಡುತ್ತೇನೆ ಅಂದರು. ನನ್ನ ಮಾತಿಗೆ ಆಗದ್ದು ಅವನ ಮಾತಿಗೆ ಆಗಿತ್ತು. ಅದಕ್ಕೆ ನಾನು ಕೃತಜ್ಞನಾಗಿರಬೇಕೋ, ಇನ್ನಷ್ಟು ಸಿಟ್ಟಾಗಬೇಕೋ ತಿಳಿಯಲಿಲ್ಲ. ಸಿಟ್ಟಾಗಿಯೇ ಮನೆಗೆ ಬಂದೆ.

ಕ್ಯಾಸೆಟ್ಟು ಹೊರಬಂತು. ನಮ್ಮ ಪಾಲಿನ ಪ್ರತಿಗಳಿದ್ದ ಪೆಟ್ಟಿಗೆ ತರಲು ಹಾಡುಗಾರನೇ ಹುಬ್ಬಳ್ಳಿಗೆ ಹೋಗಿದ್ದ. ತಿರುಗಿ ಬರುವಾಗ ಶಿಗ್ಗಾಂವಿಯಲ್ಲಿ ಇಳಿದು ಪೆಟ್ಟಿಗೆಯನ್ನು ನನ್ನ ಅಂಗಡಿಗೆ ಹೊತ್ತು ತಂದ. ಅವನ ಬೆರಳೆಲ್ಲ ನೀಲಿ ಮಸಿ. ನಾನು ಒಂದು ಕ್ಯಾಸೆಟ್ಟು ಎತ್ತಿ ನೋಡಿದೆ. ಹೊದಿಕೆಯ ಕಾಗದದ ಮೇಲೆ ನಾಲ್ವರ ಹೆಸರೂ ಇದ್ದವು. ಕೆಳಗೆ ಸಣ್ಣ ಅಕ್ಷರದಲ್ಲಿ ಸಾಹುಕಾರರು ಅಚ್ಚು ಹಾಕಿಸಿದ ಒಂದು ಸಾಲು. ಅದರ ಮೇಲೆ ಯಾರೋ ಪೆನ್ನಿನಿಂದ ದಪ್ಪಗೆ ಗೀಟು ಎಳೆದಿದ್ದರು. ಇನ್ನೊಂದು ಎತ್ತಿದೆ. ಅದಕ್ಕೂ ಗೀಟು. ಪೆಟ್ಟಿಗೆಯ ಅಡಿಯಿಂದ ಒಂದನ್ನು ತೆಗೆದೆ. ಅದಕ್ಕೆ ಗೀಟು ಬಿದ್ದಿರಲಿಲ್ಲ. ಓದಿದೆ.

"ನಡುವೆ ಬರುವ ಹಲಗಿ ಬಡಿತ ಕ್ಯಾಸೆಟ್ಟಿನ ದೋಷವಲ್ಲ."

"ಬಸ್ಸಿನ್ಯಾಗ ಅರ್ಧ ಆದ್ವು," ಅಂದ ಅವನು. "ಬಸ್ಸು ಜಿಗದಾಡತಿತ್ತು. ಗೀಟು ಸೊಟ್ಟ ಬಂದಾವ."

ಅವನು ಕ್ಷಮೆ ಕೇಳಲಿಲ್ಲ. ಕೇಳಿದ್ದರೂ ನಾನು ಕೊಡುತ್ತಿದ್ದೆನೋ ಇಲ್ಲವೋ. ಮೇಜಿನ ಮೇಲಿನ ತಂತಿಯ ಸುರುಳಿ ಸರಿಸಿ ಜಾಗ ಮಾಡಿದೆ. ಪೆಟ್ಟಿಗೆಯನ್ನು ನಡುವೆ ಇಟ್ಟುಕೊಂಡು ಇಬ್ಬರೂ ಎದುರುಬದುರು ಕುಂತೆವು. ಒಂದೊಂದೇ ಕಾಗದ ತೆಗೆದು ಆ ಸಾಲಿನ ಮೇಲೆ ಗೀಟು ಎಳೆಯುತ್ತ ಹೋದೆವು. ಇನ್ನೂ ಹತ್ತು ಹದಿನೈದು ಉಳಿದಿರುವಾಗ ಅವನ ಪೆನ್ನಿನ ಮಸಿ ಮುಗಿಯಿತು. ನಾನು ನನ್ನದನ್ನು ಅವನಿಗೆ ಕೊಡಲಿಲ್ಲ. ಅವನು ಎದ್ದು ಬಸ್‌ಸ್ಟ್ಯಾಂಡಿನ ಅಂಗಡಿಗೆ ಹೋಗಿ ಇನ್ನೊಂದು ಪೆನ್ನು ಕೊಂಡು ತಂದು, ಮತ್ತೆ ಕುಂತ.